ಇದ್ದಿಲಿಗೆ ನಿಕಾಯದ ಹಂಗೇಕೆ?

ಮಾನ್ಯರೇ,

ನಾನು ಇತಿಹಾಸ ವಿಭಾಗದ ಸಂಶೋಧನಾ ವಿದ್ಯಾರ್ಥಿನಿ. ಉತ್ಖನನದಲ್ಲಿ ಸಿಕ್ಕ ಉಗುರಿನಷ್ಟು ಇದ್ದಿಲ ಚೂರೊಂದರ ಕಾಲನಿರ್ಣಯವೇ ನನ್ನ ಪ್ರಬಂಧದ ಜೀವಾಳ. ಭೌತವಿಜ್ಞಾನದ ಪ್ರಾಧ್ಯಾಪಕರೊಬ್ಬರು ಸಹಮಾರ್ಗದರ್ಶಕರಾಗಲು ಒಪ್ಪಿದರೂ, ‘ಅನ್ಯ ನಿಕಾಯದವರಿಗೆ (ಕಲೆ, ವಿಜ್ಞಾನದಂಥ ಬೇರೆ ವಿಭಾಗಸಮೂಹದವರಿಗೆ) ಅವಕಾಶವಿಲ್ಲ’ ಎಂದು ಕಚೇರಿ ನನ್ನ ಅರ್ಜಿಯನ್ನು ಹಿಂದಿರುಗಿಸಿದೆ. ಇದು ಎಂಥ ನ್ಯಾಯ? ಇದ್ದಿಲಿನಲ್ಲಿರುವ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲ ಸುಮಾರು 5,730 ವರ್ಷಗಳಲ್ಲಿ ಅರ್ಧಕ್ಕಿಳಿಯುತ್ತದೆ. ಅದರಿಂದ ಕಾಲ ಅಳೆಯುವ ವಿಧಾನ ರೂಪಿಸಿ 1960ರಲ್ಲಿ ನೊಬೆಲ್ ಪಡೆದ ವಿಲ್ಲರ್ಡ್ ಲಿಬ್ಬಿ ರಸಾಯನವಿಜ್ಞಾನಿ. ಆ ಲೆಕ್ಕವನ್ನು ತಿದ್ದಲು ನೆರವಾದದ್ದು ಮರಗಳ ವಾರ್ಷಿಕ ಉಂಗುರಗಳನ್ನು ಎಣಿಸಿದವರು. ಫಲ ಉಂಡವರು ನಾವು, ಪುರಾತತ್ವದ ಮಂದಿ. ಕುಲಪತಿಗಳು ದಯವಿಟ್ಟು ಈ ನಿಯಮ ತಿದ್ದಲಿ. ಜಂಟಿ ಮಾರ್ಗದರ್ಶನವನ್ನು ಇಬ್ಬರು ಪ್ರಾಧ್ಯಾಪಕರ ಬಡ್ತಿಗೂ ಪರಿಗಣಿಸಲಿ. ಇಲ್ಲವಾದರೆ ನಿಯಮ ಬದಲಾದರೂ ಯಾರೂ ಮುಂದೆ ಬರುವುದಿಲ್ಲ.

– ನೊಂದ ಸಂಶೋಧನಾ ವಿದ್ಯಾರ್ಥಿನಿ