ರಕ್ಷಣಾ ಆದೇಶಕ್ಕೂ ತಾರೀಕಿನ ಮೇಲೆ ತಾರೀಕೇ?

ಮಾನ್ಯ ಸಂಪಾದಕರೇ,

ನಮ್ಮ ಬೀದಿಯ ಹೆಣ್ಣುಮಗಳೊಬ್ಬಳು ಗಂಡನ ಹೊಡೆತ ತಾಳಲಾರದೆ ರಕ್ಷಣಾ ಆದೇಶ ಕೋರಿ ಕೋರ್ಟಿಗೆ ಅರ್ಜಿ ಹಾಕಿದ್ದಾಳೆ. ಪ್ರತಿ ಸಲ ಕೂಲಿ ಬಿಟ್ಟು, ಮಗುವನ್ನು ಸೊಂಟದ ಮೇಲೆ ಹೊತ್ತು ಬಸ್ಸು ಹತ್ತುತ್ತಾಳೆ. ಸಂಜೆ ವಾಪಸ್ ಬರುವಾಗ ಕೈಯಲ್ಲಿ ಮುಂದಿನ ತಾರೀಕು ಬರೆದ ಚೀಟಿ. ಯಾಕಮ್ಮ ಅಂದರೆ, ‘ಅವರಿಗೆ ನೋಟಿಸ್ ಜಾರಿ ಆಗಿಲ್ವಂತೆ’. ಆ ಮಹಾಶಯ ದಿನಾ ಅರಳಿಕಟ್ಟೆ ಮೇಲೇ ಕೂತಿರುತ್ತಾನೆ!

2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಗಡುವು ಸ್ಪಷ್ಟವಾಗಿದೆ. ಅರ್ಜಿ ಬಂದ ಮೇಲೆ ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನ ಮೀರಬಾರದು. ಅಲ್ಲಿಂದ 60 ದಿನದಲ್ಲಿ ಮುಗಿಸಲು ಮ್ಯಾಜಿಸ್ಟ್ರೇಟರು ಪ್ರಯತ್ನಿಸಬೇಕು. ಈ ಕಾಯ್ದೆಯಡಿ ಸರ್ಕಾರ ನೇಮಿಸುವ ರಕ್ಷಣಾಧಿಕಾರಿ 2 ದಿನದಲ್ಲಿ ನೋಟಿಸ್ ತಲುಪಿಸಬೇಕು. ಜಾಸ್ತಿ ಸಮಯ ಬೇಕಾದರೆ ಮ್ಯಾಜಿಸ್ಟ್ರೇಟರೇ ಕೊಡಬೇಕು. ನನ್ನ ಪ್ರಕಾರ ಕೆಲಸ ಕೆಡುವುದು ಈ ನೋಟಿಸ್ ಹಂತದಲ್ಲೇ. ಅಂಗನವಾಡಿಗಳ ಉಸ್ತುವಾರಿ ನೋಡುವ ಅಧಿಕಾರಿಯ ಹೆಗಲಿಗೇ ರಕ್ಷಣಾಧಿಕಾರಿಯ ಕೆಲಸವನ್ನೂ ಹಾಕಿದರೆ ಇನ್ನೇನಾಗುತ್ತೆ? ಮಂಡ್ಯ ಜಿಲ್ಲೆಯ ತಾಲ್ಲೂಕುಗಳಿಗೆ ಇದೇ ಕೆಲಸಕ್ಕೆಂದು ಪ್ರತ್ಯೇಕ ರಕ್ಷಣಾಧಿಕಾರಿಗಳು ಬೇಕು.

ಇನ್ನೊಂದು ಮಾತು. 23ನೇ ಕಲಂ ಪ್ರಕಾರ, ಎದುರು ಪಕ್ಷದವರು ಹಾಜರಾಗುವ ಮೊದಲೇ ಮಹಿಳೆಯ ಅಫಿಡವಿಟ್ ನೋಡಿ ಮಧ್ಯಂತರ ಆದೇಶ ಕೊಡಬಹುದು. ಆದೇಶ ಮೀರಿದವನಿಗೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ನಮ್ಮ ಬೀದಿಯ ಆ ಹೆಣ್ಣುಮಗಳಿಗೆ ಇದನ್ನು ಯಾರೂ ಹೇಳಿರಲೇ ಇಲ್ಲ. ಮಹಿಳೆಯರಿಗೆ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತವಾಗಿ ವಕೀಲರು ಸಿಗುತ್ತಾರೆ. ಅರ್ಜಿ ಹಾಕುವ ದಿನವೇ ಮಧ್ಯಂತರ ಆದೇಶಕ್ಕೂ ಕೇಳಿಸಿ.

– ಓದುಗ, ಮಂಡ್ಯ