‘ಅಡ್ವೈಸಸ್’ ಎಂದು ಬರೆದ ಮಗುವನ್ನು ಗದರಬೇಡಿ

ಮಾನ್ಯ ಸಂಪಾದಕರೆ,

ಗಂಗಾವತಿಯಲ್ಲಿ 29 ವರ್ಷ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಕಲಿಸಿ ನಿವೃತ್ತನಾದವನು ನಾನು. ‘ಮೆನಿ ಅಡ್ವೈಸಸ್’, ‘ಟೂ ನ್ಯೂಸಸ್’ ಎಂದು ಕಂಡಲ್ಲೆಲ್ಲ ಕೆಂಪು ಗೆರೆ ಎಳೆದಿದ್ದೇನೆ. ಎಷ್ಟೋ ಮಕ್ಕಳನ್ನು ಎದ್ದು ನಿಲ್ಲಿಸಿ ಗದರಿದ್ದೂ ಉಂಟು. ಈಗ ಅದನ್ನು ನೆನೆದರೆ ಮನಸ್ಸಿಗೆ ನೋವಾಗುತ್ತದೆ.

ಬೆಂಗಳೂರಿನಲ್ಲಿ ಓದುವ ಮೊಮ್ಮಗಳು ದಸರಾ ರಜೆಗೆ ಬಂದಾಗ ತನ್ನ ಸ್ಪ್ಯಾನಿಷ್ ನೋಟ್‌ಬುಕ್ ತೋರಿಸಿದಳು. ಆ ಭಾಷೆಯಲ್ಲಿ ಬುದ್ಧಿಮಾತನ್ನು ಎಣಿಸುತ್ತಾರೆ. ‘ಉನ್ ಕೊನ್ಸೆಹೊ’ ಎಂದರೆ ಒಂದು ಬುದ್ಧಿಮಾತು, ‘ಮುಚೋಸ್ ಕೊನ್ಸೆಹೋಸ್’ ಎಂದರೆ ಹಲವು. ಸುದ್ದಿಯನ್ನೂ ಎಣಿಸುತ್ತಾರೆ, ‘ಉನಾ ನೊತಿಸಿಯಾ’. ನಾವೂ ‘ಎರಡು ಬುದ್ಧಿಮಾತು ಹೇಳ್ರಿ’, ‘ಒಂದು ಸುದ್ದಿ ಐತಿ’ ಅನ್ನುವವರೇ. ಸ್ಪೇನ್ ದೇಶದ ಹುಡುಗನೂ ಇಂಗ್ಲಿಷ್ ಕಲಿಯುವಾಗ ‘ಅಡ್ವೈಸಸ್’ ಎಂದೇ ಬರೆಯುತ್ತಾನೆ. ಇಬ್ಬರೂ ಮನೆಮಾತಿನ ಲೆಕ್ಕವನ್ನು ನಂಬಿ ಬರೆದವರು. ಸುದ್ದಿ, ಬುದ್ಧಿಮಾತು, ಮನೆಯ ಪೀಠೋಪಕರಣ ಇವನ್ನೆಲ್ಲ ಎಣಿಸಬಾರದು ಎನ್ನುವುದು ಇಂಗ್ಲಿಷಿನ ಪದ್ಧತಿ. ಅದನ್ನು ಹಾಗೆಂದೇ ಮಕ್ಕಳಿಗೆ ಹೇಳಬೇಕಿತ್ತು. ನಾನು ಹೇಳಲಿಲ್ಲ.

‘ಮಚ್’, ‘ಮೆನಿ’ ಪಾಠವನ್ನೂ ಬಾಯಿಪಾಠ ಮಾಡಿಸಿಯೇ ಮುಗಿಸಿದೆ. ಸ್ಪ್ಯಾನಿಷ್‌ನಲ್ಲಿ ಎರಡಕ್ಕೂ ‘ಮುಚೊ’ ಒಂದೇ ಪದ. ಲಿಂಗ, ವಚನ ನೋಡಿಕೊಂಡು ಮುಚಾ, ಮುಚೋಸ್, ಮುಚಾಸ್ ಆಗುತ್ತದೆ. (ಮಚ್, ಮುಚೊ ಕೇಳಲು ಅಣ್ಣತಮ್ಮಂದಿರಂತಿದ್ದರೂ ಬಳಗ ಬೇರೆ. ಒಂದು ಹಳೆಯ ಇಂಗ್ಲಿಷಿನದು, ಇನ್ನೊಂದು ಲ್ಯಾಟಿನ್ನಿನ ‘ಮುಲ್ತುಸ್’ನಿಂದ ಬಂದದ್ದು.) ನಮ್ಮ ‘ಭಾಳ’ ಯಾವುದಕ್ಕೂ ಬದಲಾಗುವುದಿಲ್ಲ: ಭಾಳ ಅಕ್ಕಿ, ಭಾಳ ಚೀಲ, ಭಾಳ ಮಂದಿ. ನಮ್ಮದು ಅಕ್ಕಿ ಗಿರಣಿಗಳ ಊರು. ಗಿರಣಿ ಅಂಗಳಕ್ಕೆ ಮಕ್ಕಳನ್ನು ಕರೆದೊಯ್ದು ‘ರಾಶಿಗೆ ಮಚ್, ಚೀಲಕ್ಕೆ ಮೆನಿ’ ಎಂದಿದ್ದರೆ ಒಂದೇ ದಿನದಲ್ಲಿ ತಲೆಗೆ ಹೋಗುತ್ತಿತ್ತು.

ಎಲ್ಲಕ್ಕಿಂತ ಹೆಚ್ಚು ಮಕ್ಕಳನ್ನು ಕಾಡಿದ್ದು ‘ಲಿಟ್ಲ್’ ಮತ್ತು ‘ಎ ಲಿಟ್ಲ್’. ಆ ಒಂದಕ್ಷರದ ‘ಎ’ ಯಾಕೆ ಬೇಕು ಎಂದು ಕೇಳಿದ ಹುಡುಗನಿಗೆ ‘ರೂಲ್ ಹಾಗೈತಿ, ಬರಕೋ’ ಎಂದಿದ್ದೆ. ಸ್ಪ್ಯಾನಿಷ್‌ನಲ್ಲೂ ಹೀಗೇ, ‘ಪೊಕೊ’ ಎಂದರೆ ಸಾಲದಷ್ಟು ಕಡಿಮೆ, ‘ಉನ್ ಪೊಕೊ’ ಎಂದರೆ ಒಂದಿಷ್ಟಾದರೂ ಇದೆ. ಕನ್ನಡಕ್ಕೂ ಇದು ಹೊಸದಲ್ಲ. ಎಡದಂಡೆ ನಾಲೆಯ ಕೊನೆಯಲ್ಲಿ ಹೊಲ ಇರುವ ರೈತನಿಗೆ ‘ಕಾಲುವೆಯಾಗ ಸ್ವಲ್ಪ ನೀರೈತಿ’ ಎಂದರೆ ಸಲಿಕೆ ಹಿಡಿದು ಹೊರಡುತ್ತಾನೆ. ‘ಸ್ವಲ್ಪೇ ನೀರೈತಿ’ ಎಂದರೆ ತಲೆ ಮೇಲೆ ಕೈ ಹೊತ್ತು ಕೂಡುತ್ತಾನೆ. ಅವರು ಮುಂದೆ ಒಂದು ಪದ ಸೇರಿಸಿ ಹೇಳುವುದನ್ನು ನಾವು ಹಿಂದೆ ಒಂದು ‘ಏ’ಕಾರ ಹಚ್ಚಿ ಹೇಳುತ್ತೇವೆ, ಅದೂ ತಿರುವುಮುರುವಾಗಿ: ಅವರ ‘ಎ’ ಭರವಸೆ ಕೊಡುತ್ತದೆ, ನಮ್ಮ ‘ಏ’ ಅದನ್ನು ಕಸಿಯುತ್ತದೆ. ಕಾಲುವೆ ನೀರು ನೋಡಿ ಬೆಳೆದ ಆ ಹುಡುಗನಿಗೆ ಇದೊಂದು ಉದಾಹರಣೆ ಸಾಕಿತ್ತು.

ನಿಮ್ಮ ಪತ್ರಿಕೆಯಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿಗಾಗಿ ಇಂಗ್ಲಿಷ್ ವ್ಯಾಕರಣ ಪ್ರಕಟಿಸುವಾಗ, ಈ ಪದಗಳ ಪಕ್ಕದಲ್ಲಿ ನಮ್ಮ ಕಡೆಯ ಮಾತಿನ ಒಂದೊಂದು ವಾಕ್ಯವನ್ನೂ ಕೊಡಿ ಎಂದು ಕೇಳಿಕೊಳ್ಳುತ್ತೇನೆ. ಬೇಕಿದ್ದರೆ ಬರೆದು ಕಳಿಸಲು ನಾನು ಸಿದ್ಧ.

– ನಿವೃತ್ತ ಇಂಗ್ಲಿಷ್ ಶಿಕ್ಷಕ, ಗಂಗಾವತಿ, ಕೊಪ್ಪಳ ಜಿಲ್ಲೆ