ನೀರು ಕೇಳಿದ ಅಜ್ಜನಿಗೆ ಗದರಿಕೆ

ಮಾನ್ಯರೇ,

ಮೊನ್ನೆ ರಾಯಚೂರು ರೈಲು ನಿಲ್ದಾಣದ ಹೊರಗೆ ಒಬ್ಬ ಅಜ್ಜ ಕೈಚಾಚಿದರು. ದುಡ್ಡಿಗಲ್ಲ, ಕುಡಿಯುವ ನೀರಿಗೆ. ಪಕ್ಕದಲ್ಲಿದ್ದವರು ‘ದುಡಿದು ತಿನ್ನಾಕ ಏನಾಗ್ಯದ’ ಎಂದು ಗದರಿದರು. ಅಜ್ಜನ ಕಾಲು ಊದಿಕೊಂಡಿತ್ತು, ಚಪ್ಪಲಿಯೂ ಇರಲಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು, ಬರಿಗಾಲಲ್ಲಿ ನಿಂತವರ ಪಾಡೇನು?

ನಮ್ಮ ಜಿಲ್ಲೆಯ ಎಷ್ಟೋ ಕುಟುಂಬಗಳು ಗುಳೆ ಹೋಗಿ ಬೆಂಗಳೂರಿನಲ್ಲಿ ತಾಡಪತ್ರಿ ಕೆಳಗೆ ಮಲಗುತ್ತವೆ. ಅಲ್ಲಿ ಅವರನ್ನು ಯಾರಾದರೂ ಹೀಗೆ ಗದರಿದರೆ ನಮಗೆ ಸಂಕಟ ಆಗಲ್ವಾ?

ಇನ್ನೊಂದು ಮಾತು. ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಶೇ 3ರಷ್ಟು ಭಿಕ್ಷುಕರ ಕರ ಸೇರಿರುತ್ತದೆ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ನಿರಾಶ್ರಿತರ ಪರಿಹಾರ ಕೇಂದ್ರಗಳಿಗೆಂದೇ ಇರುವ ದುಡ್ಡು ಅದು. ನಗರಗಳಲ್ಲಿ 1 ಲಕ್ಷ ಜನಸಂಖ್ಯೆಗೆ ಒಂದರಂತೆ ವಸತಿರಹಿತರ ಆಶ್ರಯ ಕೇಂದ್ರ ಇರಬೇಕೆಂಬ ನಿಯಮವೂ ಇದೆ. 2011ರ ಜನಗಣತಿಯಲ್ಲೇ ರಾಯಚೂರು 2 ಲಕ್ಷ ದಾಟಿತ್ತು.

ಆಶ್ರಯ ಕೇಂದ್ರ ಎಲ್ಲಿದೆ, ಯಾರಿಗೆ ಫೋನ್ ಮಾಡಬೇಕು ಎಂಬ ಬೋರ್ಡನ್ನು ರೈಲು, ಬಸ್ ನಿಲ್ದಾಣಗಳಲ್ಲಿ ದೊಡ್ಡಕ್ಷರದಲ್ಲಿ ಹಾಕಿಸಿ. ಅದರ ಪಕ್ಕದಲ್ಲೇ ಒಂದು ಅರವಟಿಗೆ ಇಡಿಸಿ.

– ಓದುಗರೊಬ್ಬರು, ರಾಯಚೂರು